ಕಡಲು ಹುಳಿಯಾದರೆ ಮೀನಿಗೆ ಬುದ್ಧಿ ಕೆಡುತ್ತದೆಯೇ?

ಪ್ರಶ್ನೆ: ಈಚೆಗೆ ಮನೆಯವರೆಲ್ಲ ಸೇರಿ ನೇತ್ರಾಣಿಗೆ ಹೋಗಿ ಸ್ಕೂಬಾ ಮಾಡಿ ಬಂದೆವು. ಪಿಯುಸಿ ಓದುವ ಮಗಳು ಅದೇ ಗುಂಗಿನಲ್ಲಿ ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಹವಳದ ಮೀನುಗಳ ವಿಷಯ ಆರಿಸಿಕೊಂಡಿದ್ದಾಳೆ. ‘ಸಮುದ್ರ ಆಮ್ಲೀಯವಾದರೆ ಮೀನುಗಳಿಗೆ ವಾಸನೆ ಗೊತ್ತಾಗುವುದಿಲ್ಲ, ತಿನ್ನಲು ಬಂದ ಮೀನಿನ ಕಡೆಗೇ ಈಜಿ ಹೋಗುತ್ತವೆ’ ಎಂದು ಒಂದು ಕಡೆ ಓದಿ ಚಾರ್ಟ್ ಬರೆದಳು. ಇನ್ನೊಂದು ಕಡೆ ಅದೆಲ್ಲ ಸುಳ್ಳು ಎಂದಿದೆ. ಯಾವುದು ನಿಜ? ಆ ಚಾರ್ಟ್ ಇಡಬೇಕೋ, ತೆಗೆಯಬೇಕೋ?
– ಕುಂದಾಪುರದ ಓದುಗರು

ಉತ್ತರ: ತೆಗೆಯಿರಿ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ಹೆಚ್ಚುಕಮ್ಮಿ ಅದೇ ಚಾರ್ಟನ್ನು ಆರೇಳು ವರ್ಷ ತರಗತಿಯಲ್ಲಿ ತೋರಿಸಿದವನು ನಾನು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ನನಗೂ ಖುಷಿಯಾಗುತ್ತಿತ್ತು. ಹಾಗಾಗಿ ನಿಮ್ಮ ಮಗಳ ಚಾರ್ಟ್ ತೆಗೆಸುವ ಮೊದಲು, ನಾನು ನನ್ನದನ್ನು ಯಾಕೆ ತೆಗೆದೆ ಎಂದು ಹೇಳಬೇಕಾಗುತ್ತದೆ. ಸ್ವಲ್ಪ ಉದ್ದವಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ‘ಹುಳಿ’ಯ ಲೆಕ್ಕ. ನಾವು ಸುಟ್ಟ ಕಲ್ಲಿದ್ದಲು, ಪೆಟ್ರೋಲು, ಡೀಸೆಲ್‌ನಿಂದ ಹೊರಬರುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲು ಭಾಗವನ್ನು ಕಡಲು ಹೀರಿಕೊಳ್ಳುತ್ತದೆ. ನೀರಿಗೆ ಆ ಅನಿಲ ಸೇರಿದರೆ ಏನಾಗುತ್ತದೆ ಅಂತ ಗೋಲಿ ಸೋಡಾ ಕುಡಿದವರಿಗೆ ಹೇಳಬೇಕಿಲ್ಲ. ನಾಲಿಗೆಗೆ ಚುರುಕ್ ಅನ್ನುವ ಆ ಸಣ್ಣ ಹುಳಿ ಕಾರ್ಬಾನಿಕ್ ಆಮ್ಲದ್ದು. ಕಡಲಲ್ಲೂ ಅದೇ ಆಗುತ್ತಿದೆ, ತೀರಾ ತೆಳುವಾಗಿ. ಕೈಗಾರಿಕೆಗಳು ಶುರುವಾಗುವ ಮುಂಚೆ ಮೇಲ್ಮೈ ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಸುಮಾರು 8.2 ಇತ್ತು. ಈಗ ಸುಮಾರು 8.1. ಬರೀ 0.1 ತಾನೇ ಅನ್ನಬೇಡಿ. ಪಿಎಚ್ ಅಳತೆಯೇ ಹಾಗೆ, ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು. ಈ 0.1ರ ಇಳಿತ ಅಂದರೆ ಹೈಡ್ರೋಜನ್ ಅಯಾನುಗಳು ಕಾಲು ಭಾಗಕ್ಕಿಂತ ಜಾಸ್ತಿ ಹೆಚ್ಚಿವೆ ಅಂತ ಅರ್ಥ. ಹೊಗೆ ಹೀಗೇ ಏರುತ್ತಾ ಹೋದರೆ ಈ ಶತಮಾನದ ಕೊನೆಗೆ 7.8ರ ಆಸುಪಾಸಿಗೆ ಇಳಿಯಬಹುದು.

ಅಂದರೂ 7.8 ಕೂಡ ಕ್ಷಾರವೇ, 7ಕ್ಕಿಂತ ಕೆಳಗಿಳಿದರೆ ಮಾತ್ರ ಆಮ್ಲ. ಕಡಲು ನಿಂಬೆರಸ ಆಗುವುದಿಲ್ಲ. ಈಗ ಎಷ್ಟು ಕ್ಷಾರವೋ ಅಷ್ಟು ಇರುವುದಿಲ್ಲ, ಅಷ್ಟೇ. ಚಾರ್ಟ್‌ನಲ್ಲಿ ಕುದಿಯುವ ಆಸಿಡ್ ಬೀಕರಿನ ಚಿತ್ರ ಇದ್ದರೆ ಅದನ್ನು ಮೊದಲು ತೆಗೆಸಿ.

ಇನ್ನು ಮೀನಿನ ಕತೆ. ಅದು ಶುರುವಾಗಿದ್ದು ಆಸ್ಟ್ರೇಲಿಯಾದಲ್ಲಿ. ಟೌನ್ಸ್‌ವಿಲ್‌ನ ಜೇಮ್ಸ್ ಕುಕ್ ವಿಶ್ವವಿದ್ಯಾಲಯದಲ್ಲಿ ಫಿಲಿಪ್ ಮಂಡೇ ಎಂಬ ಮೀನು ತಜ್ಞರ ತಂಡ ಕ್ಲೌನ್ ಮೀನುಗಳ ಮೇಲೆ ಪ್ರಯೋಗ ಮಾಡುತ್ತಿತ್ತು. ಕಿತ್ತಳೆ ಮೈ, ಬಿಳಿ ಪಟ್ಟೆ, ಸಮುದ್ರ ಹೂವಿನ (ಹೂವಿನಂತೆ ಕಾಣುವ ಪ್ರಾಣಿ, ಸೀ ಅನಿಮೋನಿ) ಎಸಳುಗಳ ನಡುವೆ ಮನೆ. ಈ ಮೀನಿನ ಬಾಲ್ಯ ಬಹಳ ಸ್ವಾರಸ್ಯದ್ದು. ಅಮ್ಮ ಹೂವಿನ ಬುಡದ ಕಲ್ಲಿಗೆ ಮೊಟ್ಟೆ ಅಂಟಿಸುತ್ತಾಳೆ. ಅಪ್ಪ ಅದಕ್ಕೆ ರೆಕ್ಕೆಯಿಂದ ಗಾಳಿ ಬೀಸುತ್ತಾ ಕೂರುತ್ತಾನೆ. ವಾರದ ಆಚೀಚೆ ಮರಿ ಹೊರಬಂದು ತೆರೆದ ಕಡಲಿಗೆ ತೇಲಿ ಹೋಗುತ್ತದೆ. ಹತ್ತು ಹನ್ನೆರಡು ದಿನ ಅಲ್ಲಿ ಇಲ್ಲಿ ಅಲೆದು, ಬೆರಳ ಉಗುರಿನಷ್ಟು ಆದಮೇಲೆ ಮತ್ತೆ ಹವಳದ ದಿಬ್ಬ ಹುಡುಕಿಕೊಂಡು ಬರಬೇಕು. ಪಪುವಾ ನ್ಯೂಗಿನಿಯ ಕಿಂಬೆ ಕೊಲ್ಲಿಯಲ್ಲಿ ಒಂದು ಸಣ್ಣ ದ್ವೀಪದ ಸುತ್ತ ಲೆಕ್ಕ ಹಾಕಿದಾಗ, ಅಲ್ಲಿ ಬಂದು ನೆಲೆಸಿದ ಮರಿಗಳಲ್ಲಿ ಸುಮಾರು 60 ಶೇಕಡಾ ಅಲ್ಲೇ ಹುಟ್ಟಿದವು. ಅಷ್ಟು ದೊಡ್ಡ ಕಡಲಲ್ಲಿ ತೇಲಿ ಹೋಗಿ ತವರಿಗೇ ವಾಪಸ್!

ದಾರಿ ತೋರಿಸುವುದು ಏನು? ಮುಖ್ಯವಾಗಿ ಎರಡು. ಒಂದು ವಾಸನೆ. ಇನ್ನೊಂದು ಸದ್ದು. ಜೀವಂತ ಹವಳದ ದಿಬ್ಬ ಸುಮ್ನೆ ಇರುವುದಿಲ್ಲ. ಚಿಟಿಕೆ ಹೊಡೆಯುವ ಸೀಗಡಿಗಳ ಸದ್ದು ಅಲ್ಲಿ ಹಗಲು ರಾತ್ರಿ. ನೀರೊಳಗೆ ಕಿವಿಗೊಟ್ಟರೆ ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ, ಚಟಪಟ. ನೇತ್ರಾಣಿಯಲ್ಲಿ ನೀರೊಳಗೆ ಉಸಿರಿನ ಗುಳ್ಳೆ ನಿಂತ ಒಂದು ಕ್ಷಣದಲ್ಲಿ ನಿಮಗೂ ಕೇಳಿರಬಹುದು.

ಮಂಡೇ ತಂಡ 2009ರಲ್ಲಿ ಹೇಳಿದ್ದು ಇದು: ಶತಮಾನದ ಕೊನೆಯ ಕಡಲಿನ ಹಾಗೆ ಪಿಎಚ್ 7.8ರ ನೀರಲ್ಲಿ ಬೆಳೆಸಿದ ಕ್ಲೌನ್ ಮರಿಗಳಿಗೆ ವಾಸನೆಯ ವಿವೇಕವೇ ತಪ್ಪುತ್ತದೆ. ಮಾಮೂಲಿ ಮರಿಗಳು ದೂರ ಸರಿಯುವ ವಾಸನೆಗೆ ಇವು ಒಲಿಯುತ್ತವೆ. ಮರುವರ್ಷ ಇನ್ನೂ ಗಾಬರಿಯ ಸುದ್ದಿ ಬಂತು. ಬೇಟೆಗಾರ ಮೀನಿನ ವಾಸನೆಯ ಕಡೆಗೇ ಈ ಮರಿಗಳು ಹೋಗುತ್ತವಂತೆ. 2011ರಲ್ಲಿ ಕಿವಿಯ ಸರದಿ. ಮಾಮೂಲಿ ಮರಿಗಳು ಹಗಲಿನಲ್ಲಿ ದಿಬ್ಬದ ಗದ್ದಲದಿಂದ ದೂರ ಸರಿಯುತ್ತವೆ, ಅಲ್ಲಿ ತಿನ್ನುವ ಬಾಯಿಗಳು ಜಾಸ್ತಿ. ಹುಳಿ ನೀರಲ್ಲಿ ಬೆಳೆದವು ಸರಿಯಲಿಲ್ಲ. ಆಮೇಲೆ ಎಡಕ್ಕೋ ಬಲಕ್ಕೋ ತಿರುಗುವ ಸಹಜ ಒಲವು ಹೋಗುತ್ತದೆ, ಭಯ ಹೋಗುತ್ತದೆ ಎಂದು ಒಂದರ ಹಿಂದೆ ಒಂದು.

2012ರಲ್ಲಿ ‘ಯಾಕೆ’ ಎಂಬುದಕ್ಕೂ ಉತ್ತರ ಸಿಕ್ಕಿತು. ಓಸ್ಲೋ ವಿಶ್ವವಿದ್ಯಾಲಯದ ಯೋರಾನ್ ನಿಲ್ಸನ್ ಜೊತೆ ಸೇರಿ ಬರೆದ ಲೇಖನ ಅದು. ನನಗೆ ಅದು ಈಗಲೂ ಇಷ್ಟ, ಅಷ್ಟು ಚೆಂದದ ತರ್ಕ. ನೀರಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿಯಾದರೆ ಮೀನಿನ ರಕ್ತ ಹುಳಿಯಾಗಲು ನೋಡುತ್ತದೆ. ಮೀನು ಬಿಡುವುದಿಲ್ಲ. ಬೈಕಾರ್ಬೋನೇಟ್ ಒಳಗೆ ಕೂಡಿಹಾಕಿ, ಕ್ಲೋರೈಡ್ ಹೊರಗೆ ಕಳಿಸಿ ರಕ್ತವನ್ನು ಸರಿತೂಗಿಸುತ್ತದೆ. ಮನೆಯಲ್ಲಿ ಎದೆಯುರಿಗೆ ಸೋಡಾಪುಡಿ ಕಲಸಿ ಕುಡಿಯುವುದಿಲ್ವಾ, ಆ ಜಾತಿಯ ಉಪಾಯ. ಆದರೆ ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ಇದೆ. ಅದು ನರಗಳ ಬ್ರೇಕು. ಗಾಬಾ ಬಂದು ತಟ್ಟಿದಾಗ ನರದ ಬಾಗಿಲು ತೆರೆದು ಕ್ಲೋರೈಡ್ ಒಳಗೆ ನುಗ್ಗುತ್ತದೆ, ನರ ತಣ್ಣಗಾಗುತ್ತದೆ. ಈಗ ಹೊರಗೆ ಕ್ಲೋರೈಡ್ ಕಡಿಮೆ, ಬೈಕಾರ್ಬೋನೇಟ್ ಲೆಕ್ಕ ತಲೆಕೆಳಗು. ಬಾಗಿಲು ತೆರೆದರೆ ಹರಿವು ಉಲ್ಟಾ ಆಗಬಹುದು. ಬ್ರೇಕು ಒತ್ತಿದರೆ ಗಾಡಿ ಮುಂದಕ್ಕೆ ಹಾರಿದ ಹಾಗೆ. ಇದನ್ನು ಪರೀಕ್ಷಿಸಲು ಆ ಬಾಗಿಲನ್ನೇ ಮುಚ್ಚುವ ಗಾಬಾಜೀನ್ ಎಂಬ ಔಷಧ ಹಾಕಿದ ನೀರಲ್ಲಿ ಮೀನುಗಳನ್ನು ಅರ್ಧ ಗಂಟೆ ಇಟ್ಟರು. ಕೆಟ್ಟ ಬುದ್ಧಿ ಸರಿಯಾಯಿತು ಎಂದು ವರದಿ ಮಾಡಿದರು.

ತೊಂದರೆ ಇದೆ, ಕಾರಣವೂ ಸಿಕ್ಕಿದೆ, ಮದ್ದೂ ಕೆಲಸ ಮಾಡಿದೆ. ಇನ್ನೇನು ಬೇಕು ಹೇಳಿ! ನಾನು ಚಾರ್ಟ್ ಮಾಡಿದ್ದು ಆ ವರ್ಷವೇ.

ಮೇಲಾಗಿ 2014ರಲ್ಲಿ ಪ್ರಯೋಗಾಲಯದ ಹೊರಗಿನ ಸಾಕ್ಷಿಯೂ ಬಂತು. ಪಪುವಾ ನ್ಯೂಗಿನಿಯ ಮಿಲ್ನೆ ಕೊಲ್ಲಿಯಲ್ಲಿ ಕಡಲ ತಳದಿಂದ ಇಂಗಾಲದ ಡೈಆಕ್ಸೈಡ್ ಗುಳ್ಳೆ ಗುಳ್ಳೆಯಾಗಿ ಏಳುವ ಜಾಗಗಳಿವೆ. ನೆಲದೊಳಗಿನ ಜ್ವಾಲಾಮುಖಿಯ ಉಸಿರು ಅದು. ಅಲ್ಲಿನ ಹವಳ ತಲೆಮಾರುಗಳಿಂದ ಹುಳಿ ನೀರಲ್ಲೇ ಬದುಕಿದೆ. ಮುಂದೆ ಬರುವ ಕಡಲನ್ನು ಇವತ್ತೇ ಹೋಗಿ ನೋಡಿದ ಹಾಗೆ. ಆ ಗುಳ್ಳೆಗಳ ನಡುವಿನ ಮರಿ ಮೀನುಗಳೂ ಬೇಟೆಗಾರನ ವಾಸನೆಗೆ ಹೆದರುವುದಿಲ್ಲ ಎಂದು ಲೇಖನ ಬಂತು.

ಆದರೆ ಒಳಗೊಳಗೇ ಕೆಲವರಿಗೆ ಕಿರಿಕಿರಿ ಇತ್ತು. ಮೀನಿನ ದೇಹಧರ್ಮ ಓದಿದವರಿಗೆ ಇದು ಪೂರ್ತಿ ನುಂಗಲಾಗದ ತುತ್ತು. ಮೀನಿನ ರಕ್ತದಲ್ಲಿ ಅದರ ಉಸಿರಾಟದ ಇಂಗಾಲದ ಡೈಆಕ್ಸೈಡ್ ಹೇಗೂ ಇರುತ್ತದೆ, ಹೊರಗಿನ ನೀರಿಗಿಂತ ಎಷ್ಟೋ ಪಟ್ಟು. ಇನ್ನೊಂದು ವಿಷಯ, ಆಳವಿಲ್ಲದ ಹವಳದ ದಿಬ್ಬದಲ್ಲಿ ಪಿಎಚ್ ದಿನವಿಡೀ ಒಂದೇ ಸಮ ಇರುವುದಿಲ್ಲ. ಹಗಲು ಪಾಚಿ ಇಂಗಾಲವನ್ನು ಹೀರುತ್ತದೆ, ಪಿಎಚ್ ಏರುತ್ತದೆ. ರಾತ್ರಿ ಎಲ್ಲ ಜೀವಿಗಳೂ ಉಸಿರು ಬಿಡುತ್ತವೆ, ಪಿಎಚ್ ಇಳಿಯುತ್ತದೆ. ಕೆಲವು ಕಡೆ ಒಂದೇ ದಿನದಲ್ಲಿ ಅರ್ಧ ಅಂಕದಷ್ಟು ಆಚೀಚೆ ಆಗುತ್ತದೆ. ದಿನಾ ರಾತ್ರಿ ಇಂಥ ನೀರಲ್ಲಿ ಮಲಗಿ ಏಳುವ ಮೀನಿಗೆ ಸ್ವಲ್ಪ ಇಂಗಾಲ ಸೇರಿದ ಕೂಡಲೇ ತಲೆ ಕೆಡುತ್ತದೆಯೇ?

ಸ್ವೀಡನ್, ನಾರ್ವೆ, ಕೆನಡಾ, ಆಸ್ಟ್ರೇಲಿಯಾದ ಕೆಲವರು ಸೇರಿ ಆ ಪ್ರಯೋಗಗಳನ್ನು ತಾವೇ ಮಾಡಿ ನೋಡಲು ಹೊರಟರು. ಡೀಕಿನ್ ವಿಶ್ವವಿದ್ಯಾಲಯದ ತಿಮೊತಿ ಕ್ಲಾರ್ಕ್ ಮುಂದಾಳು. ಜೊತೆಗೆ ಫ್ರೆಡ್ರಿಕ್ ಯುಟ್‌ಫೆಲ್ಟ್, ಯೋಸೆಫಿನ್ ಸುಂದಿನ್ ಮತ್ತಿತರರು. ಆಸ್ಟ್ರೇಲಿಯಾದ ಹವಳದ ದಿಬ್ಬಗಳ ಸಾಲಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಆರು ಜಾತಿಯ ಮೀನು, 900ಕ್ಕೂ ಹೆಚ್ಚು ಮೀನುಗಳು, ಮೂರು ವರ್ಷದ ಕೆಲಸ. ಫಲಿತಾಂಶ 2020ರ ಜನವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಶೀರ್ಷಿಕೆಯಲ್ಲೇ ಮುಚ್ಚುಮರೆ ಇರಲಿಲ್ಲ: ಕಡಲಿನ ಆಮ್ಲೀಕರಣ ಹವಳದ ಮೀನುಗಳ ವರ್ತನೆಯನ್ನು ಕೆಡಿಸುವುದಿಲ್ಲ.

ಈ ಪ್ರಯೋಗ ಹೇಗೆ ಮಾಡುತ್ತಾರೆ ಎಂದು ಹತ್ತಿರದಿಂದ ನೋಡಿದರೆ ಜಗಳದ ತಿರುಳು ಸಿಗುತ್ತದೆ. ನಿಮ್ಮ ಮಗಳು ಪ್ರದರ್ಶನದಲ್ಲಿ ಇದರ ಮಾದರಿ ಮಾಡಿದರೂ ಚೆನ್ನ. ಒಂದು ಉದ್ದ ತೊಟ್ಟಿ. ಒಂದು ತುದಿಯಿಂದ ಎರಡು ನೀರು ಅಕ್ಕಪಕ್ಕ ಹರಿದು ಬರುತ್ತವೆ, ನಡುವೆ ಗೋಡೆಯಿಲ್ಲ. ಹರಿವು ಸರಿಯಾಗಿ ಹೊಂದಿಸಿದರೆ ಎರಡೂ ಬೆರೆಯುವುದಿಲ್ಲ. ಅದನ್ನು ಪರೀಕ್ಷಿಸಲು ಒಂದು ಕಡೆಗೆ ಬಣ್ಣದ ನೀರು ಬಿಡುತ್ತಾರೆ. ತೊಟ್ಟಿಯ ನಡುವೆ ಗೆರೆ ಎಳೆದ ಹಾಗೆ ಅರ್ಧ ಬಣ್ಣ, ಅರ್ಧ ತಿಳಿ ಕಾಣಬೇಕು. ಆಮೇಲೆ ಒಂದು ಪಕ್ಕ ಬರೀ ಸಮುದ್ರದ ನೀರು, ಇನ್ನೊಂದು ಪಕ್ಕ ಬೇಟೆಗಾರ ಮೀನು ಇದ್ದ ತೊಟ್ಟಿಯ ನೀರು. ನಡುವೆ ಮರಿಯನ್ನು ಬಿಡಬೇಕು. ಎರಡು ನಿಮಿಷ ಹೊಂದಿಕೊಳ್ಳಲಿ ಎಂದು ಸುಮ್ಮನೆ ಬಿಟ್ಟು, ಮುಂದಿನ ಎರಡು ನಿಮಿಷ ಐದು ಸೆಕೆಂಡಿಗೊಮ್ಮೆ ಅದು ಎಡಕ್ಕಿದೆಯೋ ಬಲಕ್ಕಿದೆಯೋ ಬರೆದುಕೊಳ್ಳಬೇಕು. ಆಮೇಲೆ ನೀರನ್ನು ಅದಲುಬದಲು ಮಾಡಿ ಮತ್ತೆ ಎರಡು ನಿಮಿಷ. ಮೀನಿಗೆ ಎಡವೇ ಇಷ್ಟ ಅನ್ನುವ ಹಟ ಇದ್ದರೆ ಆಗ ಬಯಲಾಗುತ್ತದೆ.

ಹಳೆಯ ಲೇಖನಗಳಲ್ಲಿ ಮಾಮೂಲಿ ಮೀನುಗಳು ಬೇಟೆಗಾರನ ಪಕ್ಕಕ್ಕೆ ಹೆಚ್ಚುಕಮ್ಮಿ ಕಾಲೇ ಇಡುತ್ತಿರಲಿಲ್ಲ. ಹುಳಿ ನೀರಿನವು ಹೆಚ್ಚುಕಮ್ಮಿ ಅಲ್ಲೇ ಇರುತ್ತಿದ್ದವು. ಮೀನಿಗೆ ಕಾಲಿಲ್ಲ, ಗೊತ್ತು, ಮಾತಿಗೆ ಹೇಳಿದೆ. ಆದರೆ ಮರಿ ಮೀನನ್ನು ತೊಟ್ಟಿಯಲ್ಲಿ ಬಿಟ್ಟು ನೋಡಿದವರನ್ನು ಕೇಳಿ. ಒಂದು ಮರಿ ಮೂಲೆ ಹಿಡಿದು ಕೂರುತ್ತದೆ. ಒಂದು ಹುಚ್ಚು ಹಿಡಿದ ಹಾಗೆ ಸುತ್ತುತ್ತದೆ. ಒಂದು ತನ್ನ ನೆರಳಿಗೆ ತಾನೇ ಹೆದರುತ್ತದೆ. ನಾಲ್ಕು ನಿಮಿಷದಲ್ಲಿ ಎಲ್ಲ ಮರಿಗಳೂ ಒಂದೇ ಪಾಠ ಒಪ್ಪಿಸುವುದು ಉಂಟೇ? ಕ್ಲಾರ್ಕ್ ತಂಡ ಕಂಪ್ಯೂಟರಿನಲ್ಲಿ ಸಾವಿರಾರು ಸಲ ಅಣಕು ಪ್ರಯೋಗ ಓಡಿಸಿತು. ಹಳೆಯ ಲೇಖನಗಳಷ್ಟು ಅಚ್ಚುಕಟ್ಟಾದ, ಅಷ್ಟು ಕಡಿಮೆ ಏರಿಳಿತದ ಫಲಿತಾಂಶ ಸಿಗುವ ಸಂಭವ ತೀರಾ ತೀರಾ ಕಡಿಮೆ ಎಂದು ಕಂಡಿತು. ತನ್ನ ಮೀನುಗಳ ವಿಡಿಯೊಗಳನ್ನೂ ಮೂಲ ಅಂಕಿಗಳನ್ನೂ ಎಲ್ಲರಿಗೂ ತೆರೆದಿಟ್ಟಿತು. ಅಲ್ಲಿನ ಮೀನುಗಳು ಮೀನುಗಳ ಹಾಗೇ ಇವೆ. ಅಡ್ಡಾದಿಡ್ಡಿ, ಒಂದಕ್ಕೊಂದು ಸಂಬಂಧ ಇಲ್ಲ.

ಮಂಡೇ ತಂಡ ಸುಮ್ಮನೆ ಕೂರಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ನೇಚರ್‌ನಲ್ಲೇ ಮರು ಉತ್ತರ ಕೊಟ್ಟಿತು. ನೀವು ನಮ್ಮ ಪ್ರಯೋಗವನ್ನು ಹಾಗೇ ಮಾಡಿಲ್ಲ, ಜಾತಿ ಬೇರೆ, ವಯಸ್ಸು ಬೇರೆ, ವಿಧಾನ ಬೇರೆ ಎಂದಿತು. ಇದರಲ್ಲಿ ಹುರುಳಿಲ್ಲ ಅನ್ನಲಾರೆ. ನಿಜವಾಗಿಯೂ ಕ್ಲಾರ್ಕ್ ಆರಿಸಿದ ಆರು ಜಾತಿಗಳಲ್ಲಿ ಕ್ಲೌನ್ ಮೀನು ಇಲ್ಲ. ಒಂದು ಅಡುಗೆ ಸರಿಯಿಲ್ಲ ಎನ್ನಲು ಅದೇ ಅಕ್ಕಿ, ಅದೇ ಬೇಳೆ ಹಾಕಿ ಮಾಡಿ ನೋಡಬೇಕು, ಅಲ್ವಾ? ಕ್ಲಾರ್ಕ್ ಕಡೆಯವರ ಉತ್ತರ: ಈ ಪರಿಣಾಮ ಎಲ್ಲ ಹವಳದ ಮೀನುಗಳಿಗೂ ಆಗುತ್ತದೆ ಎಂದೇ ಊರಿಗೆಲ್ಲ ಸಾರಿದ್ದಿರಿ, ಅಷ್ಟು ಜೋರಾದ ಪರಿಣಾಮ ಪಾತ್ರೆ ಬದಲಾದ ಕೂಡಲೇ ಮಾಯವಾಗಬಾರದು.

ನಾನು ಮೊದಮೊದಲು ಮಂಡೇ ಕಡೆಗೇ ಇದ್ದೆ. ನಿಜ ಹೇಳಬೇಕೆಂದರೆ ಅದಕ್ಕೆ ವಿಜ್ಞಾನಕ್ಕಿಂತ ನನ್ನ ಚಾರ್ಟಿನ ಮೇಲಿನ ಮಮತೆಯೇ ಕಾರಣ. ಮನಸ್ಸು ಬದಲಿಸಿದ್ದು 2022ರ ಒಂದು ಲೆಕ್ಕ. ಕೆನಡಾದ ಜೆಫ್ ಕ್ಲೆಮೆಂಟ್ಸ್ ಮತ್ತು ಸಂಗಡಿಗರು ಮೀನಿನ ವರ್ತನೆ ಮತ್ತು ಆಮ್ಲೀಕರಣದ ಬಗ್ಗೆ ಬಂದ 91 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ವರ್ಷದ ಪ್ರಕಾರ ಜೋಡಿಸಿದರು. ಸುಂದಿನ್, ಕ್ಲಾರ್ಕ್, ಯುಟ್‌ಫೆಲ್ಟ್ ಇದರಲ್ಲೂ ಇದ್ದರು, ಅದನ್ನು ಮುಚ್ಚಿಡಬಾರದು. 2009, 2010ರ ಲೇಖನಗಳಲ್ಲಿ ಪರಿಣಾಮ ಬೆಟ್ಟದಷ್ಟು. ವರ್ಷ ಕಳೆದ ಹಾಗೆ ಇಳಿಯುತ್ತಾ, 2015ರ ನಂತರದವುಗಳಲ್ಲಿ ಹೆಚ್ಚುಕಮ್ಮಿ ಸೊನ್ನೆ. ತಣ್ಣೀರಿನ ಮೀನು ಸೇರಿದ್ದರಿಂದ ಹೀಗಾಯಿತೇ, ಬೇರೆ ಜಾತಿ ಸೇರಿದ್ದರಿಂದಲೇ ಎಂದೆಲ್ಲ ಜಾಲಾಡಿದರು. ಆ ಕಾರಣಗಳು ಸಾಲಲಿಲ್ಲ. ಕಂಡಿದ್ದು ಇಷ್ಟು: ದೊಡ್ಡ ಪರಿಣಾಮ ತೋರಿಸಿದ ಅಧ್ಯಯನಗಳಲ್ಲಿ ಮೀನಿನ ಸಂಖ್ಯೆ ಕಡಿಮೆ, ಹೆಚ್ಚಿನವುಗಳಲ್ಲಿ ಒಂದು ಗುಂಪಿಗೆ 30ಕ್ಕಿಂತ ಕಮ್ಮಿ. ಆದರೆ ಅವೇ ದೊಡ್ಡ ಪತ್ರಿಕೆಗಳಲ್ಲಿ ಬಂದವು. ಅವನ್ನೇ ಎಲ್ಲರೂ ಉದ್ಧರಿಸಿದರು. ‘ಏನೂ ಆಗಲಿಲ್ಲ’ ಎಂಬ ಲೇಖನಕ್ಕೆ ಯಾರು ತಲೆಬರಹ ಕೊಡುತ್ತಾರೆ? ಉದಾಹರಣೆಗೆ ಯುಟ್‌ಫೆಲ್ಟ್ 2015ರಲ್ಲೇ ಅಟ್ಲಾಂಟಿಕ್ ಕಾಡ್ ಮೀನಿನ ಮರಿಗಳ ವರ್ತನೆ ಕೆಡಲಿಲ್ಲ ಎಂದು ಬರೆದಿದ್ದರು. ನಾನು ಅದನ್ನು ಓದಿದ್ದು ಎಷ್ಟೋ ವರ್ಷ ಆದಮೇಲೆ.

ಇಷ್ಟರಲ್ಲಿ ಇನ್ನೊಂದು ಕಹಿ ಸಂಗತಿ. 2021ರ ಮೇ ತಿಂಗಳಲ್ಲಿ ಸೈನ್ಸ್ ಪತ್ರಿಕೆ ಉದ್ದದ ವರದಿ ಪ್ರಕಟಿಸಿತು. ಈ ಕ್ಷೇತ್ರದ ಕೆಲವು ಲೇಖನಗಳ ಅಂಕಿಗಳೇ ಕಟ್ಟುಕತೆ ಎಂಬ ಆರೋಪ ಅದರಲ್ಲಿತ್ತು. ಆರೋಪಕ್ಕೆ ಗುರಿಯಾದವರು ಒಪ್ಪಲಿಲ್ಲ. ಮರುವರ್ಷ ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯ ತನ್ನಲ್ಲಿನ ಸಂಶೋಧಕರೊಬ್ಬರ ಮೇಲೆ ವಿಚಾರಣೆ ನಡೆಸಿ ಅಕ್ರಮ ಆಗಿದೆ ಎಂದು ತೀರ್ಮಾನಿಸಿತು. ಆಗಸ್ಟ್‌ನಲ್ಲಿ ಸೈನ್ಸ್ ಪತ್ರಿಕೆ 2014ರ ಒಂದು ಲೇಖನ ವಾಪಸ್ ಪಡೆಯಿತು. ಆ ಲೇಖನ ಆಮ್ಲೀಕರಣದ ಬಗ್ಗೆ ಅಲ್ಲ, ಕೆಟ್ಟ ದಿಬ್ಬದ ವಾಸನೆಯ ಬಗ್ಗೆ. ಆದರೆ ಬಳಸಿದ್ದು ಅದೇ ಎರಡು ನೀರಿನ ತೊಟ್ಟಿ. ನಿಮ್ಮ ಮಗಳು ಓದಿದ ‘ಎಲ್ಲ ಸುಳ್ಳು’ ಎಂಬ ಮಾತು ಇಲ್ಲಿಂದ ಹೊರಟಿರಬೇಕು. ನಾನು ಆ ಮಾತನ್ನು ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ಒಬ್ಬರ ಮೇಲಿನ ತೀರ್ಪಿನಿಂದ ಹತ್ತಾರು ಜನರ ಕೆಲಸವನ್ನು ಮೋಸ ಅನ್ನಲಾಗದು. ಮೋಸವೇ ಇಲ್ಲದೆಯೂ ತಪ್ಪು ಆಗುತ್ತದೆ. ಯಾವ ಮೀನು ಯಾವ ನೀರಿನದು ಎಂದು ಗೊತ್ತಿರುವ ಮನುಷ್ಯ ಕಣ್ಣಳತೆಯಲ್ಲಿ ಐದು ಸೆಕೆಂಡಿಗೊಮ್ಮೆ ಎಡ, ಬಲ ಎಂದು ಬರೆದರೆ, ನಡುಗೆರೆಯ ಮೇಲಿರುವ ಮೀನು ಯಾವ ಕಡೆ ಬೀಳುತ್ತದೆ? ಮನಸ್ಸು ಎಳೆದ ಕಡೆ. ಅದಕ್ಕೇ ವಿಡಿಯೊ ಬೇಕು. ಅದಕ್ಕೇ ನೋಡುವವನಿಗೆ ನೀರಿನ ಗುಟ್ಟು ಗೊತ್ತಿರಬಾರದು.

ಹಾಗಾದರೆ ಗಾಬಾ? ಮೀನಿನ ರಕ್ತದಲ್ಲಿ ಬೈಕಾರ್ಬೋನೇಟ್ ಏರುವುದು, ಕ್ಲೋರೈಡ್ ಇಳಿಯುವುದು ದೇಹಧರ್ಮದ ಹಳೆಯ ಗಟ್ಟಿ ಸಂಗತಿ. ಅದರಲ್ಲಿ ಜಗಳವಿಲ್ಲ. ಅಷ್ಟು ಸಣ್ಣ ಬದಲಾವಣೆ ಮೀನನ್ನು ಬೇಟೆಗಾರನ ಬಾಯಿಗೆ ತಳ್ಳುತ್ತದೆ ಎನ್ನುವುದೇ ಈಗ ನಿಲ್ಲದ ಮಾತು. ಬಾರದ ಜ್ವರಕ್ಕೆ ಚೆನ್ನಾಗಿ ಕಾರಣ ಹುಡುಕಿಟ್ಟ ಹಾಗಾಯಿತು.

ನೀವು ಕೇಳಿದ್ದಕ್ಕೆ ನೇರ ಉತ್ತರ ಇದು: ಶತಮಾನದ ಕೊನೆಯ ಮಟ್ಟದ ಇಂಗಾಲದಿಂದ ಹವಳದ ಮೀನುಗಳ ಬುದ್ಧಿ ಕೆಡುತ್ತದೆ ಎಂಬುದಕ್ಕೆ ಈಗ ಗಟ್ಟಿ ಆಧಾರ ಉಳಿದಿಲ್ಲ. ಯಾವುದೋ ಒಂದು ಜಾತಿಗೆ, ಯಾವುದೋ ವಯಸ್ಸಿನಲ್ಲಿ ಸಣ್ಣ ಪರಿಣಾಮ ಇರಬಾರದೆಂದೇನಿಲ್ಲ. ಆದರೆ ಆ ಚಾರ್ಟಿನ ಕತೆ ನಿಲ್ಲುವುದಿಲ್ಲ.

ಇಷ್ಟು ಹೇಳಿದರೆ ಕೆಲವರು ತಕ್ಷಣ ‘ನೋಡಿದಿರಾ, ಆಮ್ಲೀಕರಣವೇ ಸುಳ್ಳು’ ಎಂದು ಎದ್ದು ನಿಲ್ಲುತ್ತಾರೆ. ನನಗೆ ಇಂಥ ಎರಡು ಫೋನ್ ಬಂದಿವೆ. ಅಲ್ಲ ಸ್ವಾಮಿ. ಕ್ಲಾರ್ಕ್ ತಂಡವೇ ತನ್ನ ಲೇಖನದ ಜೊತೆಗೆ ಹವಳಕ್ಕೆ ಇಂಗಾಲದಿಂದ ಅಪಾಯ ಇದ್ದೇ ಇದೆ ಎಂದಿದೆ. ಪಿಎಚ್ ಇಳಿದಿರುವುದು ಅಳತೆ ಮಾಡಿದ ಸಂಗತಿ. ಅದರ ಪೆಟ್ಟು ಮೀನಿನ ಮಿದುಳಿಗಿಂತ ಮೊದಲು ಬೀಳುವುದು ಸುಣ್ಣಕ್ಕೆ.

ನಮ್ಮ ಕರಾವಳಿಯಲ್ಲಿ ಹೊಳೆಯ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರಲ್ಲ, ಹವಳದ ಮನೆಯೂ ಆ ಚಿಪ್ಪಿನ ವಸ್ತುವಿನದ್ದೇ, ಕ್ಯಾಲ್ಸಿಯಂ ಕಾರ್ಬೋನೇಟ್. ಒಂದು ಚಿಪ್ಪಿನ ಮೇಲೆ ನಿಂಬೆರಸ ಹಿಂಡಿ ನೋಡಿ. ಬುರಬುರ ಗುಳ್ಳೆ ಏಳುತ್ತದೆ. ಕಡಲಲ್ಲಿ ಅಷ್ಟು ಜೋರಾಗಿ ಆಗುವುದಿಲ್ಲ. ಅಲ್ಲಿ ಆಗುವುದು ಬೇರೆ: ಹೆಚ್ಚಾದ ಹೈಡ್ರೋಜನ್ ಅಯಾನುಗಳು ನೀರಲ್ಲಿರುವ ಕಾರ್ಬೋನೇಟನ್ನು ಹಿಡಿದು ಬೈಕಾರ್ಬೋನೇಟ್ ಮಾಡಿಬಿಡುತ್ತವೆ. ಮನೆ ಕಟ್ಟಲು ಹೊರಟ ಹವಳಕ್ಕೆ ಸುಣ್ಣ ಸಿಗುವುದು ಕಷ್ಟವಾಗುತ್ತದೆ. ಕಟ್ಟುವ ವೇಗ ತಗ್ಗುತ್ತದೆ, ಸವೆಯುವ ವೇಗ ತಗ್ಗುವುದಿಲ್ಲ.

ಇದನ್ನು ತೊಟ್ಟಿಯಲ್ಲಿ ಅಲ್ಲ, ನಿಜವಾದ ದಿಬ್ಬದ ಮೇಲೇ ಪರೀಕ್ಷಿಸಿದ್ದಾರೆ. ಗ್ರೇಟ್ ಬ್ಯಾರಿಯರ್ ರೀಫ್‌ನ ಒನ್ ಟ್ರೀ ದ್ವೀಪದಲ್ಲಿ ರೆಬೆಕಾ ಆಲ್‌ಬ್ರೈಟ್ ಮತ್ತು ಕೆನ್ ಕಾಲ್ಡೇರಾ ಅವರ ತಂಡ ಹರಿಯುವ ನೀರಿಗೆ ಕ್ಷಾರ ಬೆರೆಸಿ, ದಿಬ್ಬದ ಒಂದು ತುಂಡಿಗೆ ಹಳೆಯ ಕಾಲದ ಕಡಲನ್ನು ವಾಪಸ್ ಕೊಟ್ಟಿತು. ಸುಣ್ಣ ಕಟ್ಟುವ ಪ್ರಮಾಣ ಸುಮಾರು 7 ಶೇಕಡಾ ಏರಿತು. ಅಂದರೆ ಹವಳ ಈಗಾಗಲೇ ಅಷ್ಟು ಕಳೆದುಕೊಂಡಿದೆ. ಇದು 2016ರ ವರದಿ. ಮುಂದೆ ಅದೇ ಜಾಗದಲ್ಲಿ ಇಂಗಾಲದ ಡೈಆಕ್ಸೈಡ್ ಬೆರೆಸಿ ಶತಮಾನದ ಕೊನೆಯ ನೀರು ಮಾಡಿದರು. ಸುಣ್ಣದ ಕೆಲಸ 34 ಶೇಕಡಾ ಬಿತ್ತು. ಚಾರ್ಟ್‌ಗೆ ಅಂಕಿ ಬೇಕಿದ್ದರೆ ಈ ಎರಡನ್ನು ಹಾಕಿ.

ಮಿಲ್ನೆ ಕೊಲ್ಲಿಯ ಗುಳ್ಳೆಗಳ ಜಾಗಕ್ಕೆ ಮತ್ತೆ ಬರೋಣ. ಕಾಥರೀನಾ ಫಾಬ್ರೀಶಿಯಸ್ ತಂಡ 2011ರಲ್ಲಿ ಅಲ್ಲಿನ ಹವಳವನ್ನೇ ಎಣಿಸಿತ್ತು. ನೆಲ ಮುಚ್ಚಿದ ಹವಳದ ಪ್ರಮಾಣ ಹೆಚ್ಚೇನೂ ತಗ್ಗಿರಲಿಲ್ಲ. ಮೇಲಿನಿಂದ ನೋಡಿದರೆ ದಿಬ್ಬ ಚೆನ್ನಾಗೇ ಇದೆ. ಇಳಿದು ನೋಡಿದರೆ ಕೊಂಬೆ ಕೊಂಬೆಯ, ಪೊದೆಯ ಹಾಗಿನ, ಮೇಜಿನ ಹಾಗಿನ ಹವಳಗಳು ಕಡಿಮೆ. ಬಂಡೆಯಂಥ ಪೊರೈಟಿಸ್ ಹವಳವೇ ಎಲ್ಲೆಲ್ಲೂ. ನನಗೆ ಮೀನಿನ ವರ್ತನೆಗೆ ನಿಜವಾದ ಕೊಂಡಿ ಕಾಣುವುದು ಇಲ್ಲಿ. ಉಗುರಿನಷ್ಟು ಮರಿಗೆ ಬೇಟೆಗಾರನ ವಾಸನೆ ಚೆನ್ನಾಗೇ ಗೊತ್ತಾಗುತ್ತದೆ, ಆದರೆ ಓಡಿ ಹೋಗಿ ಅಡಗಲು ಕೊಂಬೆ ಬೇಕಲ್ಲ. ನುಣುಪಾದ ಬಂಡೆಯ ಮೇಲೆ ಎಲ್ಲಿ ಅಡಗುತ್ತದೆ?

ಇದಕ್ಕಿಂತ ಬೇಗ, ಇದಕ್ಕಿಂತ ಜೋರಾಗಿ ಮೀನಿನ ನಡತೆ ಬದಲಿಸುತ್ತಿರುವುದು ಬಿಸಿ. ಇಂಗಾಲದ್ದೇ ಇನ್ನೊಂದು ಕೈ ಅದು. ನೀರು ತುಸು ಜಾಸ್ತಿ ಕಾದು ವಾರಗಟ್ಟಲೆ ಹಾಗೇ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಗೆ ಹಾಕಿ ಬಿಳಿಚಿಕೊಳ್ಳುತ್ತದೆ. ನಮ್ಮ ಲಕ್ಷದ್ವೀಪದಲ್ಲಿ 1998, 2010, 2016, ಮತ್ತೆ 2024ರಲ್ಲಿ ಹೀಗಾಯಿತು. ಬಿಳಿಚಿದ ಮೇಲೆ ಮೀನು ಏನು ಮಾಡುತ್ತದೆ ಎಂಬುದಕ್ಕೆ ಒಳ್ಳೆಯ ಕೆಲಸಗಳಿವೆ. ತಾಹಿತಿ ಹತ್ತಿರದ ಮೂರಿಯಾದಲ್ಲಿ ಸಮುದ್ರ ಹೂವುಗಳು ಬಿಳಿಚಿದಾಗ ಅದರಲ್ಲಿ ಮನೆ ಮಾಡಿದ್ದ ಕ್ಲೌನ್ ಮೀನುಗಳ ರಕ್ತದಲ್ಲಿ ಒತ್ತಡದ ಹಾರ್ಮೋನು ಏರಿತು. ಬದುಕುಳಿಯಬಲ್ಲ ಮೊಟ್ಟೆಗಳು 73 ಶೇಕಡಾ ಕಡಿಮೆಯಾದವು. ಗ್ರೇಟ್ ಬ್ಯಾರಿಯರ್ ರೀಫ್‌ನ ಲಿಜರ್ಡ್ ದ್ವೀಪದಲ್ಲಿ ಬಿಳಿಚುವ ಮುಂಚಿನ ಮತ್ತು ನಂತರದ ಸದ್ದನ್ನು ಹಿಡಿದು ಹೋಲಿಸಿದರು. ಸಾಸಿವೆಯ ಚಟಪಟ ಕುಗ್ಗಿಹೋಗಿತ್ತು. ಎರಡೂ ಸದ್ದನ್ನು ನೀರೊಳಗೆ ಸ್ಪೀಕರಿನಲ್ಲಿ ಹಾಕಿದರೆ ಮರಿಗಳು ಹಳೆಯ ಸದ್ದಿನ ಕಡೆಗೇ ಜಾಸ್ತಿ ಬಂದವು. ಮರಿಯ ಕಿವಿ ಸರಿಯಾಗೇ ಇದೆ. ಕರೆಯಬೇಕಾದ ಮನೆಯೇ ಮೌನವಾಗಿದೆ.

ನನಗೆ ಇವೆಲ್ಲಕ್ಕಿಂತ ಮನಸ್ಸಿನಲ್ಲಿ ಉಳಿದಿದ್ದು ಚಿಟ್ಟೆಮೀನುಗಳ ಅಧ್ಯಯನ. ತಟ್ಟೆಯ ಹಾಗೆ ಚಪ್ಪಟೆ, ಹಳದಿ ಬಿಳಿ ಕಪ್ಪು, ಕಣ್ಣಿನ ಮೇಲೆ ಪಟ್ಟೆ. ಹಲವು ಜಾತಿಗಳು ಜೋಡಿಯಾಗಿ ತಿರುಗುತ್ತವೆ, ಹವಳವನ್ನು ಚುಟುಕು ಚುಟುಕಾಗಿ ಕಚ್ಚಿ ತಿನ್ನುತ್ತವೆ. ತಮ್ಮ ಹವಳದ ಹತ್ತಿರ ಇನ್ನೊಂದು ಬಂದರೆ ಅಟ್ಟಿಸಿಕೊಂಡು ಹೋಗುತ್ತವೆ. ಇಂಡೋನೇಷ್ಯಾ, ಫಿಲಿಪೀನ್ಸ್, ಜಪಾನ್, ಕ್ರಿಸ್‌ಮಸ್ ದ್ವೀಪದ ದಿಬ್ಬಗಳಲ್ಲಿ 38 ಜಾತಿಯ ಚಿಟ್ಟೆಮೀನುಗಳನ್ನು ಹಿಂಬಾಲಿಸಿ, ಒಂದಕ್ಕೊಂದು ಎದುರಾದಾಗ ಏನು ಮಾಡುತ್ತವೆ ಎಂದು 5,000ಕ್ಕೂ ಹೆಚ್ಚು ಸಲ ಬರೆದುಕೊಂಡಿದ್ದಾರೆ. 2016ರಲ್ಲಿ ಹವಳ ಬಿಳಿಚಿದ ಮೇಲೆ ಅವುಗಳ ಜಗಳ ಮೂರರಲ್ಲಿ ಎರಡು ಪಾಲು ಕಡಿಮೆಯಾಯಿತು. ಸ್ನೇಹ ಬೆಳೆದು ಅಲ್ಲ. ಜಗಳವಾಡಲು ಬೇಕಾದ ಕಸುವಿಗೆ ತಕ್ಕ ಊಟವೇ ಇರಲಿಲ್ಲ. ಈ ಕೆಲಸಕ್ಕೆ ತೊಟ್ಟಿ ಬೇಕಾಗಿರಲಿಲ್ಲ, ನೀರೊಳಗೆ ಬರೆಯುವ ಹಲಗೆ, ಪೆನ್ಸಿಲು, ತಾಳ್ಮೆ ಇದ್ದರೆ ಸಾಕಿತ್ತು.

ಆದ್ದರಿಂದ ಮಗಳಿಗೆ ಹೇಳಿ: ಆ ಚಾರ್ಟನ್ನು ಹರಿದು ಹಾಕುವುದು ಬೇಡ. ಒಂದು ಕಡೆ 2009ರ ಕತೆ, ಪಕ್ಕದಲ್ಲಿ 2020ರ ಕತೆ, ನಡುವೆ ಎರಡು ನೀರಿನ ತೊಟ್ಟಿಯ ಮಾದರಿ. ಒಂದು ಪಕ್ಕಕ್ಕೆ ಅರಿಶಿನದ ನೀರು ಬಿಟ್ಟರೆ ಗೆರೆ ಚೆನ್ನಾಗಿ ಕಾಣುತ್ತದೆ. ಹರಿವು ನಿಧಾನ ಇರಲಿ, ಇಲ್ಲದಿದ್ದರೆ ಎಲ್ಲ ಸಾರಿನ ಹಾಗೆ ಕಲಸಿಹೋಗುತ್ತದೆ. ಮೀನು ಬಿಡಬೇಡಿ, ಪಾಪ. ತೀರ್ಪುಗಾರರು ‘ಹಾಗಾದರೆ ಕಡಲಿಗೆ ಏನೂ ಆಗಿಲ್ವಾ?’ ಎಂದು ಖಂಡಿತ ಕೇಳುತ್ತಾರೆ. ಆಗ ಚಿಪ್ಪು, ನಿಂಬೆಹಣ್ಣು ಮುಂದೆ ಇಡಲಿ.

ಮತ್ತೆ ನೇತ್ರಾಣಿಗೆ ಹೋಗುವುದಿದ್ದರೆ ಮಳೆಗಾಲ ಮುಗಿಯಲಿ. ಅಲ್ಲಿ ಚಿಟ್ಟೆಮೀನು ಇವೆ. ಒಂದು ಜೋಡಿಯನ್ನು ಆರಿಸಿಕೊಂಡು, ಮುಟ್ಟದೆ, ಅಟ್ಟದೆ, ದೂರದಿಂದ ಐದು ನಿಮಿಷ ನೋಡಿ. ಎಷ್ಟು ಸಲ ಕಚ್ಚಿತು, ಎಷ್ಟು ಸಲ ಇನ್ನೊಂದನ್ನು ಅಟ್ಟಿತು ಎಂದು ದೋಣಿ ಹತ್ತಿದ ಮೇಲೆ ಬರೆದಿಡಿ. ನನಗೂ ಒಂದು ಪ್ರತಿ ಕಳಿಸಿ.